ಕಿವಿಯಿಂದ ಮಿದುಳಿಗೆ: ಮಕ್ಕಳ ಮಿದುಳಿನ ಸೋಂಕು ಮತ್ತು ಶಸ್ತ್ರಚಿಕಿತ್ಸೆ

ಕೆಲವು ತಿಂಗಳ ಹಿಂದೆ ಇದೇ ಅಂಕಣದಲ್ಲಿ ಮಕ್ಕಳ ಫಿಟ್ಸ್ ಕುರಿತು ಬರೆಯುವಾಗ, ಮಿದುಳಿನೊಳಗೆ ಕೀವು ತುಂಬಿಕೊಂಡರೂ ಫಿಟ್ಸ್ ಬರಬಹುದು ಎಂಬ ಒಂದು ಸಾಲನ್ನು ಸೇರಿಸಿದ್ದೆ. ಆ ಸಾಲನ್ನು ಹಿಡಿದುಕೊಂಡು ಬಂದ ಪತ್ರಗಳು ಎಷ್ಟಿವೆಯೆಂದರೆ, ಈ ಸಲದ ಅಂಕಣವನ್ನು ಅವಕ್ಕೇ ಮೀಸಲಿಡಬೇಕಾಯಿತು. ಪತ್ರ ಬರೆದವರ ಹೆಸರನ್ನೂ ಮಕ್ಕಳ ಗುರುತು ಸಿಗಬಹುದಾದ ವಿವರಗಳನ್ನೂ ಬಿಟ್ಟಿದ್ದೇನೆ. ಇವು ಅಪರೂಪದ ಕಾಯಿಲೆಗಳು. ಶೀತ, ಜ್ವರ, ಕಿವಿನೋವು ಬಂದ ಬಹುಪಾಲು ಮಕ್ಕಳ ಹತ್ತಿರಕ್ಕೂ ಇವು ಸುಳಿಯುವುದಿಲ್ಲ. ಆದರೆ ಕಾಯಿಲೆ ಹೊಕ್ಕ ಮನೆಯವರಿಗೆ ಅಪರೂಪ ಎಂಬ ಮಾತಿನಿಂದ ಯಾವ ಸಮಾಧಾನವೂ ಸಿಗದು ಎಂಬುದನ್ನು ನಾನು ವಾರ್ಡಿನಲ್ಲಿ ದಿನವೂ ಕಾಣುತ್ತೇನೆ.

ಪ್ರಶ್ನೆ: ನನ್ನ ಮಗನಿಗೆ 9 ವರ್ಷ. ನಾಲ್ಕೈದು ವರ್ಷಗಳಿಂದ ಎಡಗಿವಿ ಸೋರುತ್ತಿತ್ತು. ದೊಡ್ಡವನಾದರೆ ತಾನಾಗಿ ಸರಿಹೋಗುತ್ತದೆ ಎಂದು ಎಲ್ಲರೂ ಹೇಳಿದ್ದರಿಂದ ಸುಮ್ಮನಿದ್ದೆವು. ಎರಡು ತಿಂಗಳ ಹಿಂದೆ ತಲೆನೋವು, ವಾಂತಿ ಶುರುವಾಯಿತು. ಒಂದು ದಿನ ಊಟಕ್ಕೆ ಕುಳಿತವನು ಚಮಚವನ್ನು ತೋರಿಸಿ, ಅದರ ಹೆಸರು ಬಾಯಿಗೆ ಬಾರದೆ ಒದ್ದಾಡಿದ. ಸ್ಕ್ಯಾನ್ ಮಾಡಿ ಮಿದುಳಿನಲ್ಲಿ ಗಡ್ಡೆ ಇದೆ ಎಂದರು. ತಲೆಯಲ್ಲಿ ಸಣ್ಣ ತೂತು ಮಾಡಿ ಕೀವು ತೆಗೆದರು. ಹತ್ತು ದಿನ ಬಿಟ್ಟು ಮತ್ತೊಮ್ಮೆ ತೆಗೆದರು. ಈಗ ಕಿವಿಗೂ ಆಪರೇಷನ್ ಆಗಬೇಕಂತೆ. ಗಡ್ಡೆಯನ್ನು ಒಂದೇ ಸಲಕ್ಕೆ ಪೂರ್ತಿ ಏಕೆ ತೆಗೆಯಲಿಲ್ಲ? ಕಿವಿಯ ಆಪರೇಷನ್ ನಿಜಕ್ಕೂ ಬೇಕೆ?
— ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ಮೊದಲು ಗಡ್ಡೆ ಎಂಬ ಪದದ ಬಗ್ಗೆ ಹೇಳಿಬಿಡುತ್ತೇನೆ, ತಾಯಿ. ಆ ಪದ ಕಿವಿಗೆ ಬಿದ್ದ ಕೂಡಲೇ ಮನೆಯವರೆಲ್ಲ ಕ್ಯಾನ್ಸರ್ ಎಂದುಕೊಂಡು ಕುಸಿದುಹೋಗುತ್ತಾರೆ. ನಿಮ್ಮ ಮಗನಿಗೆ ಬಂದದ್ದು ಕೀವುಗಡ್ಡೆ, ಅಂದರೆ ಮೈಮೇಲೆ ಏಳುವ ಕುರುವಿನಂಥದೇ ಒಂದು ಕುರು. ಆದರೆ ಎದ್ದಿರುವುದು ಮಿದುಳಿನೊಳಗೆ. ಕಿವಿಯ ಹಿಂದಿನ ಮೂಳೆಗೂ ಮಿದುಳಿಗೂ ನಡುವೆ ಇರುವುದು ಒಂದು ತೆಳುವಾದ ಮೂಳೆಯ ಹಾಳೆ ಮಾತ್ರ. ವರ್ಷಗಟ್ಟಲೆ ಸೋರುವ ಕಿವಿಯಲ್ಲಿ ಸತ್ತ ಚರ್ಮದ ಪದರಗಳು ಬಿಳಿಯ ಉಂಡೆಯಾಗಿ ಸೇರಿಕೊಂಡು ಈ ಹಾಳೆಯನ್ನು ನಿಧಾನವಾಗಿ ಕೊರೆಯುತ್ತವೆ. ಇದನ್ನು ನಾವು ಕೊಲಿಸ್ಟಿಯಟೋಮ ಎನ್ನುತ್ತೇವೆ. ಹಾಳೆಗೆ ತೂತು ಬಿದ್ದರೆ ಸೋಂಕು ನೇರವಾಗಿ ಒಳಗೆ ಇಳಿಯುತ್ತದೆ. ಕೆಲವೊಮ್ಮೆ ಮೂಳೆಯಲ್ಲಿ ಹಾದುಹೋಗುವ ಸಣ್ಣ ರಕ್ತನಾಳಗಳೇ ಅದನ್ನು ಹೊತ್ತೊಯ್ಯುತ್ತವೆ. ಕಿವಿಯ ಮೇಲ್ಗಡೆಗೆ ಹೋದರೆ ಮಿದುಳಿನ ಕಪೋಲದ ಭಾಗ (ಟೆಂಪೊರಲ್ ಲೋಬ್), ಹಿಂದಕ್ಕೆ ಹೋದರೆ ಕಿರುಮಿದುಳು. ಕಿರುಮಿದುಳಿಗೆ ತಗುಲಿದ ಮಗು ನಡೆಯುವಾಗ ತೂರಾಡುತ್ತದೆ. ನಿಮ್ಮ ಮಗನಿಗೆ ಎಡಗಡೆಯ ಕಪೋಲದ ಭಾಗಕ್ಕೆ ತಗುಲಿರಬೇಕು, ಏಕೆಂದರೆ ಹೆಚ್ಚಿನವರಲ್ಲಿ ಮಾತಿನ ಕೇಂದ್ರಗಳಿರುವುದು ಎಡಗಡೆ. ವಸ್ತು ಗೊತ್ತಿದ್ದೂ ಅದರ ಹೆಸರು ಬಾಯಿಗೆ ಬಾರದಿರುವುದು ಆ ಜಾಗದ ಕಾಯಿಲೆಯ ಹಳೆಯ ಗುರುತು. ಆ ಚಮಚವನ್ನು ನೀವು ಗಮನಿಸಿದ್ದು, ಗಮನಿಸಿ ವೈದ್ಯರಿಗೆ ಹೇಳಿದ್ದು ದೊಡ್ಡ ಕೆಲಸ.

ಇನ್ನು ಪೂರ್ತಿ ಏಕೆ ತೆಗೆಯಲಿಲ್ಲ ಎಂಬ ಪ್ರಶ್ನೆ. ಮಿದುಳಿಗೆ ಸೋಂಕು ತಗುಲಿದ ಮೊದಲ ಕೆಲವು ದಿನ ಕೀವು ಒಂದು ಕಡೆ ಕೂಡಿರುವುದಿಲ್ಲ. ಆ ಭಾಗ ಬಾತು ಮೆದುವಾಗಿರುತ್ತದೆ, ಅಷ್ಟೇ. ಆಗ ಔಷಧವೇ ಚಿಕಿತ್ಸೆ, ಕತ್ತರಿಗೆ ಕೆಲಸವಿಲ್ಲ. ಸುಮಾರು ಎರಡು ವಾರಗಳ ಹೊತ್ತಿಗೆ ದೇಹವೇ ಕೀವಿನ ಸುತ್ತ ಒಂದು ಗಟ್ಟಿ ಚೀಲವನ್ನು ಕಟ್ಟುತ್ತದೆ. ಚೀಲ ಎರಡೂವರೆ ಸೆಂಟಿಮೀಟರಿಗಿಂತ ದೊಡ್ಡದಾದರೆ ಔಷಧವೊಂದರಿಂದಲೇ ಒಳಗಿನ ಕೀವು ಒಣಗುವುದು ಕಷ್ಟ. ಅದನ್ನು ಹೊರಗೆ ತೆಗೆಯಲೇಬೇಕು. ತೆಗೆಯಲು ಎರಡು ದಾರಿಗಳಿವೆ. ಒಂದು, ತಲೆಬುರುಡೆಗೆ ಅಂಗಿಯ ಗುಂಡಿಯಷ್ಟು ಅಗಲದ ತೂತು ಕೊರೆದು, ಸ್ಕ್ಯಾನ್ ತೋರಿಸಿದ ದಿಕ್ಕಿನಲ್ಲಿ ಸೂಜಿ ಇಳಿಸಿ ಕೀವನ್ನು ಎಳೆದುಕೊಳ್ಳುವುದು. ಇನ್ನೊಂದು, ಮೂಳೆಯ ಮುಚ್ಚಳವನ್ನೇ ತೆರೆದು ಚೀಲಸಮೇತ ಬಿಡಿಸಿ ತೆಗೆಯುವುದು. ಎರಡನೆಯದು ಕೇಳಲು ಹೆಚ್ಚು ಪೂರ್ಣವಾದ ಚಿಕಿತ್ಸೆ ಎನಿಸುತ್ತದೆ. ಆದರೆ ಮಾತಿನ ಕೇಂದ್ರದ ಪಕ್ಕದಲ್ಲಿ ಚೀಲವನ್ನು ಬಿಡಿಸಲು ಹೋದರೆ, ಅದಕ್ಕೆ ಅಂಟಿಕೊಂಡ ಒಳ್ಳೆಯ ಮಿದುಳೂ ಅದರ ಜೊತೆಗೆ ಬರುತ್ತದೆ. ಕೀವು ಹೋದ ಮೇಲೆ ಖಾಲಿ ಚೀಲ ಔಷಧದ ಬಲದಿಂದ ತಾನೇ ಮುದುಡಿಕೊಳ್ಳುವುದರಿಂದ, ಹೆಚ್ಚಿನ ಮಕ್ಕಳಲ್ಲಿ ಸೂಜಿಯೇ ಮೇಲು ಎಂಬುದು ನನ್ನ ಅಭಿಪ್ರಾಯವೂ ಹೌದು. ಎರಡನೆಯ ಸಲ ತೆಗೆಯಬೇಕಾಗಿ ಬಂದದ್ದು ಮೊದಲ ಸಲದ ಸೋಲಲ್ಲ. ಅರ್ಧಕ್ಕರ್ಧ ಖಾಲಿಯಾದ ಚೀಲ ಮತ್ತೆ ತುಂಬಿಕೊಳ್ಳುವುದು ಸಾಮಾನ್ಯ, ಅದಕ್ಕಾಗಿಯೇ ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ಸ್ಕ್ಯಾನ್ ಮಾಡಿ ನೋಡುತ್ತೇವೆ. ಚೀಲದೊಳಗೆ ಹಲವು ಅರೆಗಳಿದ್ದರೆ, ಮುರಿದ ಮೂಳೆಯ ಚೂರೋ ಬೇರೆ ವಸ್ತುವೋ ಒಳಗೆ ಸಿಕ್ಕಿಕೊಂಡಿದ್ದರೆ, ಶಿಲೀಂಧ್ರದಿಂದ ಬಂದದ್ದಾಗಿದ್ದರೆ, ಕಿರುಮಿದುಳಿನಲ್ಲಿ ದೊಡ್ಡದಾಗಿ ಬೆಳೆದು ಮಿದುಳಿನ ಕಾಂಡವನ್ನು ಒತ್ತುತ್ತಿದ್ದರೆ ಮಾತ್ರ ಪೂರ್ತಿ ತೆಗೆಯುವ ಆಲೋಚನೆ ಮೊದಲು ಬರುತ್ತದೆ.

ಆ ಸೂಜಿಯ ಕೆಲಸ ಹೇಗಿರುತ್ತದೆ ಎಂದು ಅನೇಕ ತಂದೆತಾಯಿಯರು ಬಾಗಿಲ ಬಳಿ ನಿಂತು ಕೇಳುತ್ತಾರೆ. ಮಿದುಳು ಮೆತ್ತಗಿರುತ್ತದೆ, ಮೊಂಡು ತುದಿಯ ಸೂಜಿ ತಡೆಯಿಲ್ಲದೆ ಇಳಿಯುತ್ತದೆ. ಚೀಲಕ್ಕೆ ತಾಗಿದಾಗ ಬೆರಳಿಗೆ ಒಂದು ಬಿಗಿ ತಿಳಿಯುತ್ತದೆ. ತುಸು ಒತ್ತಿದರೆ ಪಟ್ಟನೆ ಬಿಟ್ಟುಕೊಟ್ಟಂತಾಗಿ, ಸಿರಿಂಜಿನೊಳಗೆ ಹಸಿರು ಮಿಶ್ರಿತ ಹಳದಿ ಕೀವು ಏರಿಬರುತ್ತದೆ. ಕಿವಿಯಿಂದ ಬಂದ ಕೀವಾದರೆ, ಗಾಳಿಯಿಲ್ಲದ ಜಾಗದಲ್ಲಿ ಬೆಳೆಯುವ ರೋಗಾಣುಗಳಿಂದಾಗಿ, ಥಿಯೇಟರ್ ತುಂಬ ಕೊಳೆತ ವಾಸನೆ ಹರಡುತ್ತದೆ. ಆಗ ನಾವು ಸಿರಿಂಜಿನ ಗಾಳಿಯನ್ನು ಹೊರದೂಡಿ, ಬಾಯಿ ಮುಚ್ಚಿ, ತಡಮಾಡದೆ ಲ್ಯಾಬಿಗೆ ಕಳಿಸುತ್ತೇವೆ. ಗಾಳಿ ತಗುಲಿದರೆ ಆ ರೋಗಾಣುಗಳು ಸತ್ತುಹೋಗಿ, ಯಾವ ಔಷಧ ನಾಟುತ್ತದೆಂಬ ಸುಳಿವೇ ಸಿಗದೆ ಹೋಗಬಹುದು. ಅದೇ ಕೀವನ್ನು ಕ್ಷಯಕ್ಕೂ ಶಿಲೀಂಧ್ರಕ್ಕೂ ಪರೀಕ್ಷಿಸುತ್ತಾರೆ. ಅಂದರೆ ಸೂಜಿ ಒಂದೇ ಹೊತ್ತಿಗೆ ಒತ್ತಡವನ್ನೂ ಇಳಿಸುತ್ತದೆ, ಕಾಯಿಲೆಯ ಹೆಸರನ್ನೂ ಹೇಳುತ್ತದೆ.

ಕಿವಿಯ ಆಪರೇಷನ್ ಬೇಕೇ ಬೇಕು. ನಾವು ತೆಗೆದದ್ದು ಕೀವನ್ನು. ಅದು ಬಂದ ಬಾಗಿಲು ಇನ್ನೂ ತೆರೆದೇ ಇದೆ. ಕಿವಿ ಹಿಂದಿನ ಮೂಳೆಯನ್ನು ಶುಚಿಮಾಡದೆ ಬಿಟ್ಟರೆ ಮತ್ತೊಂದು ಕೀವುಗಡ್ಡೆಗೆ ನಾವೇ ಜಾಗ ಬಿಟ್ಟಂತೆ. ಮಗುವಿನ ಸ್ಥಿತಿ ಚೆನ್ನಾಗಿದ್ದರೆ ಕೆಲವೆಡೆ ಎರಡನ್ನೂ ಒಂದೇ ದಿನ ಮಾಡುತ್ತಾರೆ, ಇಲ್ಲದಿದ್ದರೆ ಕೆಲವು ದಿನಗಳ ಅಂತರದಲ್ಲಿ ಮಾಡುತ್ತಾರೆ. ಅಲ್ಲಿಯವರೆಗೆ ಕಿವಿಗೆ ಬಿಸಿಯೆಣ್ಣೆ, ಬೆಳ್ಳುಳ್ಳಿ ರಸ, ಸೊಪ್ಪಿನ ರಸ ಯಾವುದನ್ನೂ ಬಿಡಬೇಡಿ.

ಇಲ್ಲಿ ಒಂದು ಹಳೆಯ ಘಟನೆಯನ್ನು ಹೇಳಬೇಕೆನಿಸುತ್ತದೆ. 1876ರಲ್ಲಿ, ಸ್ಕ್ಯಾನ್ ಎಂಬುದು ಯಾರ ಕನಸಿನಲ್ಲೂ ಇಲ್ಲದಿದ್ದಾಗ, ಗ್ಲಾಸ್ಗೋ ನಗರದ ವಿಲಿಯಂ ಮೆಕ್‌ಯೂವನ್ ಎಂಬ ಶಸ್ತ್ರವೈದ್ಯರು ಒಬ್ಬ ಹುಡುಗನ ಮಾತು ನಿಂತದ್ದನ್ನೂ ಬಲಗಡೆ ಫಿಟ್ಸ್ ಬಂದದ್ದನ್ನೂ ನೋಡಿ, ಎಡಗಡೆ ಇಂಥದೇ ಜಾಗದಲ್ಲಿ ಕೀವಿದೆ, ತೆಗೆಯುತ್ತೇನೆ ಎಂದರು. ಮನೆಯವರು ಒಪ್ಪಲಿಲ್ಲ. ಹುಡುಗ ತೀರಿಕೊಂಡ ಮೇಲೆ ನೋಡಿದಾಗ ಕೀವು ಅವರು ಹೇಳಿದ ಜಾಗದಲ್ಲೇ ಇತ್ತು. ಅದೇ ವೈದ್ಯರು 1893ರಲ್ಲಿ ಮಿದುಳಿನ ಕೀವಿನ ಕುರಿತು ಪುಸ್ತಕ ಪ್ರಕಟಿಸುವ ಹೊತ್ತಿಗೆ, ಅವರು ಆಪರೇಷನ್ ಮಾಡಿದ ರೋಗಿಗಳಲ್ಲಿ ಬಹುತೇಕರು ಬದುಕಿದ್ದರು. ಆ್ಯಂಟಿಬಯಾಟಿಕ್ ಎಂಬುದೇ ಇಲ್ಲದ ಕಾಲದಲ್ಲಿ ಇದು ಸಾಧ್ಯವಾದದ್ದು ಕೀವನ್ನು ಹೊತ್ತಿಗೆ ಸರಿಯಾಗಿ ಹೊರತೆಗೆದದ್ದರಿಂದ.

ಪ್ರಶ್ನೆ: ನಮ್ಮ ಮಗಳಿಗೆ ಮಿದುಳಿನ ಕೀವು ತೆಗೆದು ಮೂರು ವಾರವಾಯಿತು. ಈಗ ಆಡುತ್ತಾಳೆ, ಊಟ ಮಾಡುತ್ತಾಳೆ. ಆದರೂ ಇನ್ನೂ ಮೂರು ನಾಲ್ಕು ವಾರ ರಕ್ತನಾಳಕ್ಕೆ ಇಂಜೆಕ್ಷನ್ ಬೇಕು ಎನ್ನುತ್ತಾರೆ. ಮಾತ್ರೆ ಬರೆಸಿಕೊಂಡು ಊರಿಗೆ ಬರಬಾರದೆ?
— ಒಬ್ಬ ತಂದೆ, ವಿಜಯಪುರ

ಉತ್ತರ: ದಯವಿಟ್ಟು ಬರಬೇಡಿ. ರಕ್ತದಿಂದ ಮಿದುಳಿಗೆ ಔಷಧ ಸುಲಭವಾಗಿ ದಾಟುವುದಿಲ್ಲ. ಕೀವಿನ ಚೀಲದೊಳಕ್ಕೆ ಇನ್ನೂ ಕಡಿಮೆ. ಅದಕ್ಕಾಗಿಯೇ ಸೆಫ್‌ಟ್ರಿಯಾಕ್ಸೋನ್, ಮೆಟ್ರೊನಿಡಝೋಲ್, ಅಗತ್ಯವಿದ್ದರೆ ವ್ಯಾಂಕೊಮೈಸಿನ್ ಮುಂತಾದವನ್ನು ಹೆಚ್ಚಿನ ಪ್ರಮಾಣದಲ್ಲಿ, ಸಾಮಾನ್ಯವಾಗಿ 6ರಿಂದ 8 ವಾರ, ರಕ್ತನಾಳದ ಮೂಲಕವೇ ಕೊಡುತ್ತೇವೆ. ಜ್ವರ ಇಳಿಯುವುದು, ಮಗು ನಗುವುದು ಮೊದಲ ವಾರದಲ್ಲೇ ಆಗಿಬಿಡುತ್ತದೆ. ಚೀಲದ ಗೋಡೆಯಲ್ಲಿ ಅಡಗಿದ ರೋಗಾಣು ಸಾಯುವುದು ಆಮೇಲೆ. ಬೆಂಗಳೂರಿನಲ್ಲಿ ಅಥವಾ ಹುಬ್ಬಳ್ಳಿಯಲ್ಲಿ ಎರಡು ತಿಂಗಳು ಉಳಿಯುವುದೆಂದರೆ ಕೂಲಿಯೂ ಹೋಯಿತು, ಮನೆಯಲ್ಲಿ ಉಳಿದ ಮಕ್ಕಳೂ ಅನಾಥರಂತಾದರು ಎಂಬುದು ನಿಮ್ಮ ಪತ್ರದ ಉಳಿದ ಭಾಗದಲ್ಲಿದೆ. ಅದಕ್ಕೆ ಒಂದು ದಾರಿಯಿದೆ. ಆಪರೇಷನ್ ಮಾಡಿದ ವೈದ್ಯರನ್ನೇ ಕೇಳಿ, ಮಗು ಸ್ಥಿರವಾಗಿದ್ದರೆ ಉಳಿದ ಇಂಜೆಕ್ಷನ್‌ಗಳನ್ನು ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಮುಂದುವರಿಸಲು ಔಷಧ, ಪ್ರಮಾಣ, ಮುಗಿಯುವ ತಾರೀಖು, ಮುಂದಿನ ಸ್ಕ್ಯಾನಿನ ತಾರೀಖು ಇವಿಷ್ಟನ್ನೂ ಸ್ಪಷ್ಟವಾಗಿ ಬರೆದ ಚೀಟಿ ಪಡೆಯಿರಿ. ಒಬ್ಬ ಬಾಲಕನನ್ನು ಇಂಜೆಕ್ಷನ್ ಮುಗಿಸದೆ ಮೂರನೆಯ ವಾರಕ್ಕೇ ಮನೆಗೆ ಕರೆದೊಯ್ದು, ಎರಡು ತಿಂಗಳ ನಂತರ ಚೀಲ ಮಿದುಳಿನ ನೀರಿನ ಕೋಣೆಯೊಳಕ್ಕೆ ಒಡೆದ ಸ್ಥಿತಿಯಲ್ಲಿ ಮರಳಿ ತಂದಿದ್ದರು. ಹಾಗೆ ಒಡೆದ ಮೇಲೆ ಉಳಿಸಿಕೊಳ್ಳುವುದು ಬಹಳ ಕಷ್ಟ. ಆ ತಂದೆಯೂ ನಿಮ್ಮಂತೆಯೇ ಮಗನನ್ನು ಹಗಲಿರುಳು ನೋಡಿಕೊಂಡವರು. ಅವರಿಗೆ ಇಷ್ಟು ಬಿಡಿಸಿ ಹೇಳಿದವರು ಯಾರೂ ಇರಲಿಲ್ಲ.

ಪ್ರಶ್ನೆ: ಹುಟ್ಟಿದಾಗಿನಿಂದ ನನ್ನ ಮೊಮ್ಮಗುವಿನ ತುಟಿ, ಉಗುರು ನೀಲಿಯಾಗುತ್ತವೆ. ಹೃದಯದಲ್ಲಿ ರಂಧ್ರ ಎಂದಿದ್ದಾರೆ. ಈಗ 5 ವರ್ಷ. ಆಪರೇಷನ್‌ಗೆ ಹೆದರಿ ಮುಂದೂಡುತ್ತಾ ಬಂದಿದ್ದೇವೆ. ಇಂಥ ಮಕ್ಕಳಿಗೆ ಮಿದುಳಿನಲ್ಲೂ ಕೀವಾಗುತ್ತದೆ ಎಂದು ಯಾರೋ ಹೇಳಿದರು. ನಿಜವೇ?
— ಒಬ್ಬ ಅಜ್ಜಿ, ಚಾಮರಾಜನಗರ

ಉತ್ತರ: ನಿಜ, ಅಮ್ಮ. ನಮ್ಮ ಬಾಯಲ್ಲಿ, ಹಲ್ಲಿನ ಸಂದಿಯಲ್ಲಿ ಇರುವ ರೋಗಾಣುಗಳು ಆಗಾಗ ರಕ್ತಕ್ಕೆ ಸೇರುತ್ತಲೇ ಇರುತ್ತವೆ. ಆ ರಕ್ತ ಶ್ವಾಸಕೋಶಗಳ ಮೂಲಕ ಹಾದುಹೋಗುವಾಗ ಅಲ್ಲಿ ಅವು ಸೋಸಿಹೋಗುತ್ತವೆ. ನೀಲಿಯಾಗುವ ಮಕ್ಕಳಲ್ಲಿ ಕೊಳೆರಕ್ತದ ಒಂದು ಪಾಲು ಶ್ವಾಸಕೋಶಕ್ಕೆ ಹೋಗದೆ ರಂಧ್ರದ ಮೂಲಕ ನೇರವಾಗಿ ಮಿದುಳಿಗೆ ಹೋಗುತ್ತದೆ. ಅದರ ಮೇಲೆ ಅವರ ರಕ್ತ ಮಂದವಾಗಿರುತ್ತದೆ, ಮಿದುಳಿಗೆ ಆಮ್ಲಜನಕವೂ ಕಡಿಮೆ. ರೋಗಾಣು ಬೇರೂರಲು ಇದಕ್ಕಿಂತ ಒಳ್ಳೆಯ ನೆಲ ಇನ್ನೊಂದಿಲ್ಲ. ಸಾಮಾನ್ಯವಾಗಿ ಎರಡು ವರ್ಷ ದಾಟಿದ ಮೇಲೆ ಈ ಅಪಾಯ ಶುರುವಾಗುತ್ತದೆ. ಇಂಥ ಮಗುವಿಗೆ ಹೊಸದಾಗಿ ತಲೆನೋವು, ವಾಂತಿ, ಫಿಟ್ಸ್, ಒಂದು ಕೈಯೋ ಕಾಲೋ ಸೋಲುವುದು ಯಾವುದೇ ಕಂಡರೂ, ಜ್ವರ ಇಲ್ಲದಿದ್ದರೂ, ಅದೇ ದಿನ ಸ್ಕ್ಯಾನ್ ಆಗಬೇಕು. ಜ್ವರವಿಲ್ಲ ಎಂಬ ಒಂದೇ ಕಾರಣಕ್ಕೆ ಸೋಂಕಲ್ಲ ಎಂದು ತಿಳಿಯುವುದು ವೈದ್ಯರೂ ಮಾಡುವ ತಪ್ಪು.

ಕೀವು ಕಂಡರೆ ಪೂರ್ಣ ಅರಿವಳಿಕೆ ಈ ಹೃದಯಕ್ಕೆ ಭಾರವಾಗುವುದರಿಂದ, ಸಾಧ್ಯವಾದಷ್ಟೂ ಸೂಜಿಯಿಂದಲೇ, ಚಿಕ್ಕದಾಗಿ ಕೆಲಸ ಮುಗಿಸುತ್ತೇವೆ. ಸೋಂಕು ಪೂರ್ತಿ ವಾಸಿಯಾದ ಮೇಲೆ ಹೃದಯದ ಆಪರೇಷನ್. ನಿಮ್ಮ ಮೊಮ್ಮಗುವಿಗೆ ಇನ್ನೂ ಏನೂ ಆಗಿಲ್ಲವಲ್ಲ, ಆಗುವ ಮೊದಲೇ ಹೃದಯವನ್ನು ಸರಿಪಡಿಸಿಕೊಳ್ಳುವುದು ಜಾಣತನ. ಅಂಗನವಾಡಿಗೆ, ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಕ್ಕೆ ಮಗುವನ್ನು ತೋರಿಸಿ. 2013ರಲ್ಲಿ ಶುರುವಾದ ಈ ಯೋಜನೆಯಲ್ಲಿ ಹುಟ್ಟಿನಿಂದ ಬಂದ ಹೃದಯದ ತೊಂದರೆಯೂ ಸೇರಿದೆ. ಹಲ್ಲು ಹುಳುಕಾಗದಂತೆ ನೋಡಿಕೊಳ್ಳಿ, ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಹೃದಯದ ವಿಷಯ ಹೇಳಿ. ಅವರು ಮುಂಚಿತವಾಗಿ ಆ್ಯಂಟಿಬಯಾಟಿಕ್ ಕೊಡುತ್ತಾರೆ.

ಪ್ರಶ್ನೆ: 13 ವರ್ಷದ ಮಗನಿಗೆ ಸೈನಸ್ ತೊಂದರೆ ಇತ್ತು. ಹಣೆಯ ಮೇಲೆ ಮೆತ್ತಗಿನ ಊತ ಬಂದಿದೆ. ಹುಳ ಕಚ್ಚಿರಬೇಕು ಎಂದು ಮುಲಾಮು ಹಚ್ಚುತ್ತಿದ್ದೇವೆ. ನಿನ್ನೆಯಿಂದ ತಲೆನೋವು ಜಾಸ್ತಿ, ಮಂಕಾಗಿದ್ದಾನೆ. ಏನು ಮಾಡಬೇಕು?
— ಹೆಸರು, ಊರು ಬೇಡ

ಉತ್ತರ: ಈ ಪತ್ರ ಕೈಸೇರಿದ ದಿನವೇ ಸಂಪಾದಕರ ಮೂಲಕ ಫೋನ್ ಮಾಡಿಸಿ, ಹುಡುಗನನ್ನು ಆಸ್ಪತ್ರೆಗೆ ಕಳಿಸಿದೆವು, ಪತ್ರಿಕೆಯಲ್ಲಿ ಉತ್ತರ ಬರುವವರೆಗೆ ಕಾಯುವ ಪ್ರಶ್ನೆ ಇದಲ್ಲ. ಬೇರೆಯವರ ತಿಳಿವಳಿಕೆಗಾಗಿ ಇಲ್ಲಿ ಹಾಕಿದ್ದೇನೆ. ಹಣೆಯ ಸೈನಸ್ಸಿನ ಕೀವು ಮೂಳೆಯನ್ನು ಕೊಳೆಸಿ ಹೊರಗೆ ಚರ್ಮದಡಿಗೆ ಬಂದಾಗ, ನಾದಿದ ಹಿಟ್ಟನ್ನು ಒತ್ತಿದ ಹಾಗೆ ಬೆರಳು ಹೂಳುವ ಊತ ಕಾಣುತ್ತದೆ. 18ನೆಯ ಶತಮಾನದಲ್ಲಿ ಲಂಡನ್ನಿನ ಪರ್ಸಿವಲ್ ಪಾಟ್ ಇದನ್ನು ವಿವರಿಸಿದ್ದರಿಂದ ಇಂದಿಗೂ ಅವರ ಹೆಸರಿನಿಂದಲೇ ಗುರುತಿಸುತ್ತೇವೆ. ಹೊರಗೆ ಬಂದ ಕೀವು ಒಳಕ್ಕೂ ಹೋಗಿರಬಹುದು. ಮಿದುಳಿನ ಹೊದಿಕೆಯಡಿ ಅದು ಚೀಲ ಕಟ್ಟದೆ ತೆಳ್ಳಗೆ ಹರಡಿಕೊಳ್ಳುತ್ತದೆ. ಅಲ್ಲಿ ತಡೆಯುವ ಗೋಡೆಯಿಲ್ಲದ್ದರಿಂದ ಗಂಟೆಗಳ ಲೆಕ್ಕದಲ್ಲಿ ಮಗು ಹದಗೆಡುತ್ತದೆ, ರಾತ್ರಿಯಾದರೂ ಆಪರೇಷನ್ ಮಾಡುತ್ತೇವೆ. ಹರಡಿದ ಕೀವು ಸಣ್ಣ ತೂತಿನಿಂದ ಪೂರ್ತಿ ಬರುವುದಿಲ್ಲವಾದ್ದರಿಂದ ಮೂಳೆಯನ್ನು ಅಗಲವಾಗಿ ತೆರೆದು ತೊಳೆಯುತ್ತೇವೆ, ಕಿವಿ-ಮೂಗು-ಗಂಟಲು ವೈದ್ಯರು ಅದೇ ಹೊತ್ತಿಗೆ ಸೈನಸ್ಸನ್ನು ಶುಚಿಮಾಡುತ್ತಾರೆ. ಇದು ಹೆಚ್ಚಾಗಿ ಕಾಣುವುದು ಹದಿವಯಸ್ಸಿನ ಹುಡುಗರಲ್ಲಿ.

ಪ್ರಶ್ನೆ: 7 ವರ್ಷದ ಮಗಳಿಗೆ ಒಮ್ಮೆ ಬಲಗೈ ಅದುರಿ ಫಿಟ್ಸ್ ಬಂತು. ಎಂ.ಆರ್.ಐ. ವರದಿಯಲ್ಲಿ ‘ರಿಂಗ್ ಎನ್‌ಹ್ಯಾನ್ಸಿಂಗ್ ಲೀಷನ್’ ಎಂದು ಬರೆದಿದ್ದಾರೆ. ಒಬ್ಬರು ಹುಳ ಎನ್ನುತ್ತಾರೆ, ಇನ್ನೊಬ್ಬರು ಟಿ.ಬಿ. ಎನ್ನುತ್ತಾರೆ. ನಾವು ಸಸ್ಯಾಹಾರಿಗಳು, ಹುಳ ಹೇಗೆ ಬರುತ್ತದೆ? ಆಪರೇಷನ್ ಮಾಡಿಸಬೇಕೆ?
— ತಂದೆ, ತಾಯಿ, ತುಮಕೂರು

ಉತ್ತರ: ವರದಿಯಲ್ಲಿರುವ ಆ ಮಾತಿಗೆ ಅರ್ಥ ಇಷ್ಟೇ: ಬಣ್ಣದ ಔಷಧ ಕೊಟ್ಟು ಸ್ಕ್ಯಾನ್ ಮಾಡಿದಾಗ ಉಂಗುರದಂತೆ ಹೊಳೆಯುವ ಒಂದು ಚುಕ್ಕೆ ಕಂಡಿದೆ. ಅದು ಕಾಯಿಲೆಯ ಹೆಸರಲ್ಲ, ಆಕಾರದ ವರ್ಣನೆ. ಕೀವುಗಡ್ಡೆಯೂ ಉಂಗುರ, ಟಿ.ಬಿ.ಯ ಗಂಟೂ ಉಂಗುರ, ಲಾಡಿಹುಳುವಿನ ಮರಿಚೀಲವೂ ಉಂಗುರ. ನಮ್ಮ ದೇಶದಲ್ಲಿ ಒಂದೇ ಉಂಗುರವಿದ್ದು, ಅದು 20 ಮಿಲಿಮೀಟರಿಗಿಂತ ಚಿಕ್ಕದಾಗಿದ್ದು, ಮಗುವಿಗೆ ತಲೆಯೊಳಗಿನ ಒತ್ತಡ ಹೆಚ್ಚಿದ ಲಕ್ಷಣಗಳಾಗಲಿ, ದಿನದಿಂದ ದಿನಕ್ಕೆ ಹೆಚ್ಚುವ ದೌರ್ಬಲ್ಯವಾಗಲಿ ಇಲ್ಲದಿದ್ದರೆ, ಅದು ಹುಳುವಿನದೇ ಆಗಿರುವ ಸಂಭವ ಹೆಚ್ಚು. ಇದನ್ನು ಗಟ್ಟಿಯಾಗಿ ತೋರಿಸಿಕೊಟ್ಟವರು ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಚಾಂಡಿ, ರಾಜಶೇಖರ್ ಮತ್ತು ಅವರ ಸಂಗಡಿಗರು. ಅದಕ್ಕೂ ಮೊದಲು ಇಂಥ ಎಷ್ಟೋ ಮಕ್ಕಳಿಗೆ ಟಿ.ಬಿ. ಎಂದೇ ತಿಳಿದು ತಿಂಗಳುಗಟ್ಟಲೆ ಔಷಧ ಕೊಡುತ್ತಿದ್ದರು. 1980ರ ದಶಕದ ಕೊನೆಯಿಂದ ಅವರು ಮಾಡಿದ ಕೆಲಸದಿಂದಾಗಿ, ಇಂದು ನಿಮ್ಮ ಮಗಳಂಥ ಮಕ್ಕಳ ತಲೆ ತೆರೆಯುವ ಪ್ರಸಂಗವೇ ಬಹುಮಟ್ಟಿಗೆ ಇಲ್ಲವಾಗಿದೆ. ಮಕ್ಕಳ ಮಿದುಳಿನ ಶಸ್ತ್ರಚಿಕಿತ್ಸೆಗೆ ಭಾರತ ಕೊಟ್ಟ ದೊಡ್ಡ ಕೊಡುಗೆಗಳಲ್ಲಿ ಅನಗತ್ಯ ಶಸ್ತ್ರಚಿಕಿತ್ಸೆಯನ್ನು ತಪ್ಪಿಸಿದ ಈ ಕೊಡುಗೆಯನ್ನು ನಾನು ಮುಂದಿಡುತ್ತೇನೆ.

ಸಸ್ಯಾಹಾರಿಗಳಿಗೆ ಹೇಗೆ ಬರುತ್ತದೆ ಎಂಬುದನ್ನು ಎಲ್ಲರೂ ಕೇಳುತ್ತಾರೆ. ಹಂದಿಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದವರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ; ಅವರ ಮಲದಲ್ಲಿ ಮೊಟ್ಟೆಗಳು ಹೊರಬೀಳುತ್ತವೆ. ಆ ಮೊಟ್ಟೆಗಳು ಬಯಲುಶೌಚದಿಂದ, ಕೊಳಚೆ ನೀರು ಹಾಯಿಸಿದ ತೋಟದಿಂದ, ತೊಳೆಯದ ಕೈಯಿಂದ ನಮ್ಮ ಕೋಸಂಬರಿಗೋ, ಹಸಿ ಮೂಲಂಗಿಗೋ, ಕೊತ್ತಂಬರಿ ಸೊಪ್ಪಿಗೋ ಬಂದು ಸೇರುತ್ತವೆ. ನುಂಗಿದ ಮೊಟ್ಟೆ ಒಡೆದು, ಮರಿ ರಕ್ತದ ಮೂಲಕ ಮಿದುಳಿಗೆ ಹೋಗಿ ಕುಳಿತುಕೊಳ್ಳುತ್ತದೆ. ಹಾಗಾಗಿ ಆ ಕಾಯಿಲೆಗೆ ಮಾಂಸಾಹಾರ, ಸಸ್ಯಾಹಾರ ಎಂಬ ಭೇದವಿಲ್ಲ.

ನಿಮ್ಮ ಮಗಳಿಗೆ ಈಗ ಬೇಕಾದದ್ದು ಫಿಟ್ಸ್ ತಡೆಯುವ ಔಷಧ, ವೈದ್ಯರು ಸೂಚಿಸಿದರೆ ಆಲ್ಬೆಂಡಝೋಲ್ ಮತ್ತು ಅದರ ಜೊತೆಗೆ ಊತ ಇಳಿಸುವ ಸ್ಟೆರಾಯ್ಡ್, ಹಾಗೂ ಕೆಲವು ತಿಂಗಳ ನಂತರ ಇನ್ನೊಂದು ಸ್ಕ್ಯಾನ್. ಆಲ್ಬೆಂಡಝೋಲ್ ಶುರುಮಾಡುವ ಮೊದಲು ಕಣ್ಣಿನ ಒಳಭಾಗವನ್ನು ಪರೀಕ್ಷಿಸಿರಬೇಕು; ಕಣ್ಣಿನಲ್ಲೂ ಹುಳುವಿದ್ದರೆ ಈ ಔಷಧದಿಂದ ದೃಷ್ಟಿಗೆ ಅಪಾಯ. ಉಂಗುರ ಕರಗದೆ ದೊಡ್ಡದಾಗುತ್ತಾ ಹೋದರೆ ಆಗ ಸೂಜಿಯಿಂದ ಚೂರು ತೆಗೆದು ಪರೀಕ್ಷಿಸುವ ಮಾತು. ಚೀಲ ಮಿದುಳಿನ ನೀರಿನ ಕೋಣೆಯೊಳಗೆ ಸಿಕ್ಕಿಕೊಂಡು ಹರಿವನ್ನು ತಡೆದರೆ ಮಾತ್ರ ದೂರ್ಬೀನಿನಂಥ ಎಂಡೋಸ್ಕೋಪ್ ಹಾಕಿ ತೆಗೆಯಬೇಕಾಗುತ್ತದೆ.

ಪ್ರಶ್ನೆ: ನಮ್ಮದು ಕುರಿ ಸಾಕುವ ಮನೆತನ. ಅಣ್ಣನ ಮಗನಿಗೆ ತಲೆಯಲ್ಲಿ ನೀರುಗುಳ್ಳೆ ಇದೆ, ನಾಯಿಯಿಂದ ಬಂದದ್ದು ಎಂದು ಹೇಳಿ ಆಪರೇಷನ್ ಮಾಡಿದರು. ‘ಒಡೆಯದೆ ತೆಗೆದೆವು, ನಿಮ್ಮ ಪುಣ್ಯ’ ಎಂದರು. ಒಡೆದಿದ್ದರೆ ಏನಾಗುತ್ತಿತ್ತು? ಇನ್ನು ನಾಯಿಗಳನ್ನು ಸಾಕಬಾರದೆ?
— ಓದುಗರೊಬ್ಬರು, ಚಿತ್ರದುರ್ಗ ಜಿಲ್ಲೆ

ಉತ್ತರ: ಇದು ಹೈಡಾಟಿಡ್ ಎಂಬ ಅಪರೂಪದ ಕಾಯಿಲೆ. ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ ಹೆಚ್ಚು; ಮಿದುಳಿಗೆ ಬರುವುದು ನೂರಕ್ಕೆ ಒಂದೆರಡು ಮಾತ್ರ, ಹಾಗೆ ಬಂದವರಲ್ಲಿ ಮಕ್ಕಳೇ ಹೆಚ್ಚು. ನಾಯಿಯ ಕರುಳಲ್ಲಿರುವ ಬಹಳ ಸಣ್ಣ ಲಾಡಿಹುಳುವಿನ ಮೊಟ್ಟೆಗಳು ಅದರ ಮಲದಲ್ಲಿ ಬಂದು, ಮೈಗೂದಲಿಗೆ ಅಂಟಿ, ಅದನ್ನು ಮುದ್ದಾಡಿದ ಮಗುವಿನ ಬಾಯಿ ಸೇರುತ್ತವೆ. ಮಿದುಳಿನಲ್ಲಿ ಅದು ತಿಳಿನೀರು ತುಂಬಿದ ಬಿಳಿಯ ಚೆಂಡಾಗಿ ನಿಧಾನವಾಗಿ ಬೆಳೆಯುತ್ತದೆ. ಮಕ್ಕಳ ತಲೆಬುರುಡೆ ಸ್ವಲ್ಪ ಹಿಗ್ಗಿ ಜಾಗ ಕೊಡುವುದರಿಂದ ಕಿತ್ತಳೆಗಿಂತ ದೊಡ್ಡದಾಗುವವರೆಗೂ ಮಗು ಶಾಲೆಗೆ ಹೋಗುತ್ತಿರಬಹುದು.

ಒಳಗಿನ ನೀರಿನಲ್ಲಿ ಹುಳುವಿನ ಅಸಂಖ್ಯ ಮರಿತಲೆಗಳಿರುತ್ತವೆ. ಚೆಂಡು ಒಡೆದರೆ ಆ ನೀರಿಗೆ ದೇಹ ಒಮ್ಮೆಲೇ ಪ್ರತಿಕ್ರಿಯಿಸಿ ರಕ್ತದೊತ್ತಡ ಕುಸಿಯಬಹುದು. ಚೆಲ್ಲಿದ ಮರಿತಲೆಗಳು ಒಂದಿದ್ದ ಕಡೆ ಹತ್ತಾಗಿ ಮತ್ತೆ ಬೆಳೆಯಬಹುದು. ಆದ್ದರಿಂದ ಇಲ್ಲಿ ಸೂಜಿ ಚುಚ್ಚುವ ಹಾಗಿಲ್ಲ, ಇಕ್ಕಳದಿಂದ ಹಿಡಿದು ಎಳೆಯುವ ಹಾಗೂ ಇಲ್ಲ. ಅರ್ಜೆಂಟೀನಾದ ಡೌಲಿಂಗ್ 1929ರಲ್ಲಿ ವಿವರಿಸಿದ ಉಪಾಯವನ್ನೇ ಇಂದಿಗೂ ಬಳಸುತ್ತೇವೆ. ಮೂಳೆಯನ್ನು ಅಗಲವಾಗಿ ತೆರೆದು, ಚೆಂಡಿನ ಮೇಲೆ ಕಾಗದದಷ್ಟು ತೆಳುವಾಗಿ ಉಳಿದ ಮಿದುಳಿನ ಪದರವನ್ನು ಸೀಳಿ, ಮಗುವಿನ ತಲೆಯನ್ನು ಆ ಬದಿಗೆ ಕೆಳಗಾಗುವಂತೆ ವಾಲಿಸುತ್ತೇವೆ. ಆಮೇಲೆ ಮೃದುವಾದ ರಬ್ಬರ್ ನಳಿಕೆಯನ್ನು ಚೆಂಡಿಗೂ ಮಿದುಳಿಗೂ ನಡುವೆ ಮೆಲ್ಲನೆ ಸರಿಸಿ, ಬೆಚ್ಚಗಿನ ಲವಣಜಲವನ್ನು ಬಿಡುತ್ತೇವೆ. ನೀರು ಅದರ ಬೆನ್ನಿಗೆ ಸೇರಿ ಸೇರಿ, ಚೆಂಡು ತನ್ನಷ್ಟಕ್ಕೆ ತೇಲಿಬಂದು ಕೆಳಗೆ ಹಿಡಿದ ಬಟ್ಟಲಿಗೆ ಇಳಿಯುತ್ತದೆ. ಆ ಕೆಲವು ನಿಮಿಷ ಥಿಯೇಟರಿನಲ್ಲಿ ಯಾರೂ ಮಾತಾಡುವುದಿಲ್ಲ. ಖಾಲಿಯಾದ ಜಾಗ ಕುಸಿಯದಂತೆ ಲವಣಜಲ ತುಂಬಿ ಮುಚ್ಚುತ್ತೇವೆ. ಅನಂತರ ಆಲ್ಬೆಂಡಝೋಲ್ ಕೊಡುತ್ತೇವೆ. ಹುಡುಗನ ಯಕೃತ್ತು, ಶ್ವಾಸಕೋಶಗಳ ಸ್ಕ್ಯಾನ್ ಆಗಿದೆಯೇ ಎಂದು ಕೇಳಿ ನೋಡಿ.

ನಾಯಿಯಿಲ್ಲದೆ ಕುರಿಹಟ್ಟಿ ನಡೆಯದೆಂಬುದು ನನಗೆ ಗೊತ್ತು, ಬಿಡಿ ಎಂದು ಹೇಳುವುದಿಲ್ಲ. ಕುರಿ ಕೊಯ್ದಾಗ ಗುಳ್ಳೆಗಳಿರುವ ಈಲಿ, ಪುಪ್ಪುಸಗಳನ್ನು ನಾಯಿಗೆ ಎಸೆಯಬೇಡಿ. ಆಳವಾಗಿ ಹೂಳಿ ಇಲ್ಲವೇ ಸುಡಿ. ನಾಯಿಗೆ ಹುಳು ಬರುವುದೇ ಅಲ್ಲಿಂದ. ಪಶುವೈದ್ಯರಿಂದ ನಾಯಿಗೆ ಕ್ರಮವಾಗಿ ಜಂತುಹುಳು ಔಷಧ ಹಾಕಿಸಿ, ಮಕ್ಕಳು ನಾಯಿ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಊಟಕ್ಕೆ ಕೂರದಂತೆ ನೋಡಿಕೊಳ್ಳಿ. ಹುಡುಗನಿಂದ ಮನೆಯ ಇತರರಿಗೆ ಇದು ಅಂಟುವುದಿಲ್ಲ.

ಪ್ರಶ್ನೆ: ಕೇರಳದಲ್ಲಿ ಮಿದುಳು ತಿನ್ನುವ ಅಮೀಬಾದ ಸುದ್ದಿ ಓದಿದೆವು. ಅದಕ್ಕೆ ಆಪರೇಷನ್ ಇದೆಯೇ? ಮಕ್ಕಳನ್ನು ಕೆರೆಗೆ ಈಜಲು ಬಿಡಬಹುದೆ?
— ಓದುಗರು, ಪುತ್ತೂರು

ಉತ್ತರ: ಅದಕ್ಕೆ ಆಪರೇಷನ್ ಇಲ್ಲ. ನೆಗ್ಲೇರಿಯಾ ಎಂಬ ಆ ಅಮೀಬಾ ಮೂಗಿನ ಮೇಲ್ಭಾಗದಿಂದ ವಾಸನೆಯ ನರದ ದಾರಿ ಹಿಡಿದು ಮಿದುಳಿಗೆ ಹೋಗಿ ಎಲ್ಲೆಡೆ ಹರಡುತ್ತದೆ. ಒಂದು ಕಡೆ ಕೂಡಿಕೊಳ್ಳುವುದಿಲ್ಲ, ಆದ್ದರಿಂದ ತೆಗೆಯಲು ಏನೂ ಇರುವುದಿಲ್ಲ. ತಲೆಯೊಳಗಿನ ಒತ್ತಡ ಇಳಿಸಲು ನಳಿಕೆ ಹಾಕಬಹುದು, ಅಷ್ಟೇ. ಚಿಕಿತ್ಸೆಯೆಂದರೆ ಹಲವು ಔಷಧಗಳನ್ನು ಒಟ್ಟಿಗೆ, ಬೇಗನೆ ಶುರುಮಾಡುವುದು. ಕಾಲಾ ಅಜಾರ್ ಕಾಯಿಲೆಗೆ ಬಳಸುವ ಮಿಲ್ಟೆಫೊಸಿನ್ ಅವುಗಳಲ್ಲಿ ಒಂದು. ಜಗತ್ತಿನಲ್ಲಿ ಬದುಕಿದವರು ಬಹಳ ಕಡಿಮೆ. 2024ರಲ್ಲಿ ಕೇರಳದಲ್ಲಿ ಒಬ್ಬ ಬಾಲಕ ಬದುಕಿದ, ಬೇಗ ಗುರುತಿಸಿದ್ದೇ ಅದಕ್ಕೆ ಕಾರಣ. ನೀರು ಕುಡಿಯುವುದರಿಂದ ಇದು ಬರುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಬೇಸಿಗೆಯಲ್ಲಿ ಬೆಚ್ಚಗಾಗಿ ನಿಂತ ನೀರಿಗೆ ಮಕ್ಕಳು ಧುಮುಕುವುದು, ಮುಳುಗಿ ತಳದ ಕೆಸರು ಕಲಕುವುದು ಬೇಡ. ಮೂಗಿನಲ್ಲಿ ನೀರು ಹಾಯಿಸುವ ಜಲನೇತಿ ಮಾಡುವವರು ಕುದಿಸಿ ಆರಿಸಿದ ನೀರನ್ನೇ ಬಳಸಿ. ಈಜಿದ ಕೆಲವು ದಿನಗಳಲ್ಲಿ ತೀವ್ರ ತಲೆನೋವು, ಜ್ವರ, ವಾಂತಿ ಬಂದರೆ ಈಜಿದ ವಿಷಯವನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಟಿ.ಬಿ. ಮಿದುಳುಜ್ವರವಾಗಿ ತಲೆಯಿಂದ ಹೊಟ್ಟೆಗೆ ನಳಿಕೆ ಹಾಕಿಸಿಕೊಂಡ ಹುಡುಗಿಯೊಬ್ಬಳು ಮುಂದಿನ ತಿಂಗಳು ಮತ್ತೆ ತರಗತಿಗೆ ಬರುತ್ತಿದ್ದಾಳೆ. ಇತರ ಪೋಷಕರಿಗೆ ಅಂಟುರೋಗದ ಭಯ. ನಾನು ಏನನ್ನು ಗಮನಿಸಬೇಕು?
— ಶಿಕ್ಷಕಿ, ಯಾದಗಿರಿ

ಉತ್ತರ: ನಿಮ್ಮಂಥ ಶಿಕ್ಷಕಿ ಸಿಕ್ಕಿದ್ದು ಆ ಮಗುವಿಗೆ ಒಳಿತಾಯಿತು. ಮಿದುಳಿನ ಟಿ.ಬಿ. ಕೆಮ್ಮಿನಿಂದ ಹರಡುವಂಥದ್ದಲ್ಲ, ಶ್ವಾಸಕೋಶದಲ್ಲಿ ಟಿ.ಬಿ. ಇಲ್ಲ, ಔಷಧ ಕ್ರಮವಾಗಿ ನಡೆದಿದೆ ಎಂದು ವೈದ್ಯರು ಬರೆದುಕೊಟ್ಟ ಮೇಲೆ ಅವಳ ಪಕ್ಕದಲ್ಲಿ ಕೂರಲು ಯಾರೂ ಹಿಂಜರಿಯಬೇಕಿಲ್ಲ ಎಂದು ಪೋಷಕರ ಸಭೆಯಲ್ಲಿ ಹೇಳಿ. ಔಷಧ ಸಾಮಾನ್ಯವಾಗಿ ಒಂದು ವರ್ಷ ನಡೆಯುತ್ತದೆ, ನಡುವೆ ಬಿಡುವ ಹಾಗಿಲ್ಲ.

ಈ ಕಾಯಿಲೆಯಲ್ಲಿ ಮಿದುಳಿನ ತಳದಲ್ಲಿ ಅಂಟಿನಂಥ ಪದಾರ್ಥ ಕಟ್ಟಿಕೊಂಡು, ಮಿದುಳಿನ ನೀರು ಹರಿಯುವ ದಾರಿ ಮುಚ್ಚಿಹೋಗುತ್ತದೆ. ನಿಂತ ನೀರನ್ನು ಹೊಟ್ಟೆಗೆ ಹರಿಸಲು ಷಂಟ್ ಎಂಬ ನಳಿಕೆಯನ್ನು ಚರ್ಮದಡಿಯಲ್ಲಿ ಹಾಯಿಸಿರುತ್ತೇವೆ. ಕಿವಿಯ ಹಿಂದೆ ಕೈಗೆ ಸಿಗುವ ಉಬ್ಬು ಅದರ ಕವಾಟ, ಕತ್ತಿನಲ್ಲಿ ಕಾಣುವ ಗೆರೆ ನಳಿಕೆ. ಬೇರೆ ಮಕ್ಕಳು ಅದನ್ನು ಕುತೂಹಲಕ್ಕೆ ಒತ್ತದಂತೆ ನೋಡಿಕೊಳ್ಳಿ. ಅವಳು ಬೆಳೆದು ಎತ್ತರವಾದರೂ ಸಾಲಲಿ ಎಂದು ಹೊಟ್ಟೆಯೊಳಗೆ ಉದ್ದದ ನಳಿಕೆಯನ್ನೇ ಬಿಟ್ಟಿರುತ್ತೇವೆ. ನೀವು ಗಮನಿಸಬೇಕಾದದ್ದು ಇವು: ಹೆಚ್ಚುತ್ತಾ ಹೋಗುವ ತಲೆನೋವು, ಬೆಳಗಿನ ವಾಂತಿ, ಪಾಠದ ನಡುವೆ ತೂಕಡಿಸಿ ಎಬ್ಬಿಸಿದರೂ ಏಳದಿರುವುದು, ಕಣ್ಣು ಮೇಲೆತ್ತಲಾಗದಿರುವುದು, ಹೊಸದಾಗಿ ಮೆಳ್ಳೆಗಣ್ಣು. ಇವು ನಳಿಕೆ ಕಟ್ಟಿಕೊಂಡ ಸೂಚನೆ. ಸಂಜೆ ಗಂಟೆ ಹೊಡೆಯುವವರೆಗೆ ಕಾಯದೆ ಮನೆಯವರನ್ನು ಕರೆಸಿ, ನಳಿಕೆ ಹಾಕಿದ ಆಸ್ಪತ್ರೆಗೆ ಅಂದೇ ಕಳಿಸಿ. ಜ್ವರದ ಜೊತೆ ನಳಿಕೆಯ ಮೇಲಿನ ಚರ್ಮ ಕೆಂಪಾದರೆ ಅದು ನಳಿಕೆಗೇ ಸೋಂಕು ತಗುಲಿದ ಗುರುತು. ಆಗ ಅದನ್ನು ತೆಗೆದು, ಸೋಂಕು ವಾಸಿಯಾದ ಮೇಲೆ ಹೊಸದನ್ನು ಹಾಕಬೇಕಾಗುತ್ತದೆ.

ಎರಡು ಮೂರು ತಿಂಗಳ ಪಾಠ ತಪ್ಪಿದೆ. ಬರೆಯುವ ವೇಗ ಮೊದಲಿನಂತಿರುವುದಿಲ್ಲ, ಬೇಗ ದಣಿಯುತ್ತಾಳೆ. ಈ ವರ್ಷ ಪರೀಕ್ಷೆಯಲ್ಲಿ ಸ್ವಲ್ಪ ಹೆಚ್ಚು ಸಮಯ ಕೊಡಿ, ಮುಂದಿನ ಸಾಲಿನಲ್ಲಿ ಕೂರಿಸಿ. ದೃಷ್ಟಿ, ಶ್ರವಣ ಎರಡನ್ನೂ ಒಮ್ಮೆ ಪರೀಕ್ಷಿಸಲು ಅವಳ ತಾಯಿಗೆ ಹೇಳಿ. ಕಾಯಿಲೆಯಿಂದಲೂ ಕೆಲವು ಔಷಧಗಳಿಂದಲೂ ಇವು ಕುಂದಬಹುದು. ಓಡಲಿ, ಕುಂಟೆಬಿಲ್ಲೆ ಆಡಲಿ, ಹಗ್ಗದಾಟ ಆಡಲಿ. ಮರ ಹತ್ತುವುದು, ಬಾವಿಯಲ್ಲಿ ಈಜುವುದು ಮಾತ್ರ, ಅವಳು ಫಿಟ್ಸ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದು ನಿಲ್ಲುವವರೆಗೆ, ಬೇಡ.